ಕ್ಯಾಂಪಸ್‌ನಲ್ಲಿ ತೊಗಲುಗೊಂಬೆಯಾಟ: ಮೊದಲು ಕತ್ತಲು, ಆಮೇಲೆ ಮೈಕು

ಬಳ್ಳಾರಿಯ ಏಪ್ರಿಲ್‌ನಲ್ಲಿ ಸಂಜೆ 5ಕ್ಕೆ ಬಯಲಲ್ಲಿ ತೊಗಲುಗೊಂಬೆಯಾಟ (ಬೆಳಕು ಬಿಟ್ಟ ಪರದೆಯ ಹಿಂದೆ ಚರ್ಮದ ಗೊಂಬೆ ಆಡಿಸುವ ಆಟ) ಇಟ್ಟರೆ ಪರದೆ ಮೇಲೆ ಏನೂ ಕಾಣದು. ಕತ್ತಲಾಗಲು 7 ಆಗಬೇಕು. ಉಪನ್ಯಾಸ, ಸನ್ಮಾನ ಎಲ್ಲ ಅಷ್ಟರೊಳಗೆ ಮುಗಿಸಿ. ಹಾರ-ಶಾಲು ಎಳೆದಾಡಿದಷ್ಟೂ ಆಟವೇ ಮೊಟಕಾಗುತ್ತದೆ.

ಮುಖ್ಯ ಕೆಲಸ ಪರದೆಯದು. ಸುಮಾರು 6 ಅಡಿ ಅಗಲ, 4 ಅಡಿ ಎತ್ತರದ ತೆಳು ಬಿಳಿ ಹತ್ತಿಬಟ್ಟೆಯನ್ನು ನಾಲ್ಕೂ ಕಡೆ ಬಿಗಿದು ಕಟ್ಟಿ. ಸುಕ್ಕಿದ್ದರೆ ಗೊಂಬೆ ಬಟ್ಟೆಗೆ ಸರಿಯಾಗಿ ಅಂಟುವುದಿಲ್ಲ, ಅಂಚು ಮಬ್ಬಾಗಿ ಕಣ್ಣು-ಮೂಗಿನ ಕೊರೆತವೇ ಮಾಯ. ಹಿಂದೆ ಹಳದಿ ಬೆಳಕಿನ ಒಂದೇ ಬಲ್ಬು, ಗೊಂಬೆಯಾಡಿಸುವವರ ತಲೆಗಿಂತ ಮೇಲೆ, ಮುಂದಕ್ಕೆ. ಕೆಳಗಿಟ್ಟರೆ ಅವರ ನೆರಳೇ ಪರದೆಗೆ ಬೀಳುತ್ತದೆ. ಎರಡು ಬಲ್ಬಿದ್ದರೆ ಅಂಚೂ ಎರಡು. ಪರದೆ ಪಕ್ಕದ ಫ್ಯಾನು ಬೇಡ. ಸೆಕೆ ತಡೆದುಕೊಳ್ಳಿ.

ಕೈಮೈಕು ಕೊಡಬೇಡಿ, ಆಡಿಸುವವರ ಎರಡೂ ಕೈಯಲ್ಲಿ ಗೊಂಬೆ ಇರುತ್ತದೆ. ಅವರ ಬಾಯಿಯ ಹತ್ತಿರಕ್ಕೆ ಒಂದು ಸ್ಟ್ಯಾಂಡ್ ಮೈಕು, ಹಾರ್ಮೋನಿಯಂಗೆ ಇನ್ನೊಂದು.

ಮರುದಿನ ಕಾರ್ಯಾಗಾರವಿದ್ದರೆ 15 ಜನ ಸಾಕು. ಗೊಂಬೆಗಳನ್ನು ಬಿಸಿಲಲ್ಲಿ ಹರಡಬೇಡಿ, ತೊಗಲು ಸುರುಳಿಯಾಗುತ್ತದೆ. ಕಲಾವಿದರನ್ನು ದೂರ ಹುಡುಕಬೇಕಿಲ್ಲ: 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ಶಿಳ್ಳೇಕ್ಯಾತರ ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದವರು.