ಮದ್ಯದಂಗಡಿ ತಡೆಯಲು ಠರಾವು ಸಾಲದು, ಟೇಪು ಹಿಡಿಯಬೇಕು

ನಾನು ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದಾಗ ನಮ್ಮೂರಿಗೆ ಸಿಎಲ್-2 (ಚಿಲ್ಲರೆ ಮದ್ಯ ಮಾರಾಟದ ಲೈಸೆನ್ಸ್) ಅಂಗಡಿ ಬರುತ್ತದೆಂಬ ಸುದ್ದಿ ಹಬ್ಬಿತು. ಲೈಸೆನ್ಸೇನೂ ಹೊಸದಲ್ಲ. ಸಿಎಲ್-2, ಸಿಎಲ್-9 (ಬಾರ್ ಲೈಸೆನ್ಸ್) ಹೊಸದಾಗಿ ಕೊಡುವುದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿತ್ತು. ಎಂಎಸ್‌ಐಎಲ್ (ಸರ್ಕಾರಿ ಕಂಪನಿ) ಮಳಿಗೆ ಬಿಟ್ಟರೆ ಹಳ್ಳಿಗಳಿಗೆ ಬರುತ್ತಿದ್ದದ್ದು ಹೆಚ್ಚಾಗಿ ಬೇರೆ ಕಡೆಯಿಂದ ಸ್ಥಳಾಂತರವಾದ ಅಂಗಡಿಗಳೇ.

ಗ್ರಾಮಸಭೆಯಲ್ಲಿ ಹೆಂಗಸರು ಒಕ್ಕೊರಲಿನಿಂದ ಬೇಡ ಎಂದರು, ಠರಾವೂ ಆಯಿತು. ಆದರೆ ಠರಾವನ್ನು ಕಡತಕ್ಕೆ ಸೇರಿಸಿ ಅಬಕಾರಿಯವರು ಮುಂದಕ್ಕೆ ಹೋಗಬಹುದು. ನಮಗೆ ನಿಜವಾದ ಬಲ ಸಿಕ್ಕಿದ್ದು 1967ರ ಅಬಕಾರಿ ಲೈಸೆನ್ಸ್ ಸಾಮಾನ್ಯ ಷರತ್ತುಗಳ ನಿಯಮಗಳ 5ನೇ ನಿಯಮದಲ್ಲಿ. ಗುಡಿ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ಒಳಗೆ ಅಂಗಡಿ ಇರಕೂಡದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶದಲ್ಲೂ ಕೂಡದು. ಸ್ಥಳೀಯ ಸಂಸ್ಥೆಯ ಕಚೇರಿಯೂ ಆ ಪಟ್ಟಿಯಲ್ಲಿದೆ. ಅಂದರೆ ನಾವು ಸಭೆ ಮಾಡುವ ಪಂಚಾಯಿತಿ ಕಟ್ಟಡವೇ ಒಂದು ಆಕ್ಷೇಪಣೆ! ಇದು ಎಷ್ಟೋ ಸದಸ್ಯರಿಗೆ ಗೊತ್ತಿಲ್ಲ.

ಅಳೆಯುವ ಕ್ರಮವನ್ನೂ ನಿಯಮವೇ ಹೇಳುತ್ತದೆ. ಅಂಗಡಿ ಬಾಗಿಲಿನ ನಡುಮಧ್ಯದಿಂದ, ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ, ಕಾಂಪೌಂಡ್ ಇದ್ದರೆ ಹತ್ತಿರದ ಗೇಟಿನ ಮಧ್ಯದವರೆಗೆ. ಕಡತದ ನಕ್ಷೆಯಲ್ಲಿ ಶಾಲೆಯ ದೂರವನ್ನು ಮುಂದಿನ ದೊಡ್ಡ ಗೇಟಿನಿಂದ ಬರೆದಿದ್ದರು. ಮಕ್ಕಳು ಓಡಾಡುವುದು ಮಾತ್ರ ಬೋರ್‌ವೆಲ್ ಪಕ್ಕದ ಚಿಕ್ಕ ಗೇಟಿನಲ್ಲಿ. ಪಿಡಿಒ, ಮುಖ್ಯ ಶಿಕ್ಷಕರು, ಊರಿನ ಹಿರಿಯರ ಎದುರಿಗೇ ಆ ಓಣಿಯಲ್ಲಿ ಟೇಪು ಎಳೆದೆವು. ನೂರು ಮೀಟರ್ ತುಂಬುವ ಮೊದಲೇ ಗೇಟು ಬಂತು. ಅಲ್ಲೇ ಮಹಜರು ಬರೆದು ಎಲ್ಲರ ಸಹಿ ಹಾಕಿಸಿದೆ. ಆ ಗೇಟು ಮೊದಲಿಂದಲೂ ಇತ್ತು ಎನ್ನುವುದಕ್ಕೆ ಶಾಲೆಯ ಹಳೆಯ ಫೋಟೊಗಳನ್ನೂ ಲಗತ್ತಿಸಿದೆ.

ಆಕ್ಷೇಪಣೆಯನ್ನು ಅಬಕಾರಿ ಉಪ ಆಯುಕ್ತರಿಗೂ ಜಿಲ್ಲಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆದೆವು. "ಮೇಡಂ, ಇನ್ನೊಂದ್ಸಲ ಅಳೀತೀವಿ" ಎಂದರು. ಅಳೆದರು, ನಾವೂ ಜೊತೆಗಿದ್ದೆವು. ಆ ಜಾಗಕ್ಕೆ ಅನುಮತಿ ಸಿಗಲಿಲ್ಲ.

ನಿಮ್ಮೂರಲ್ಲೂ ಇಂಥದ್ದಿದ್ದರೆ ಅಂಗಡಿ ತೆರೆಯುವ ತನಕ ಕಾಯಬೇಡಿ. ಸ್ಥಳಾಂತರದ ಅರ್ಜಿಯ ನಕಲನ್ನು ಮಾಹಿತಿ ಹಕ್ಕಿನಲ್ಲಿ ಮೊದಲೇ ತೆಗೆಸಿಕೊಳ್ಳಿ. ಅಂಗಡಿ ಈಗಾಗಲೇ ನಡೆಯುತ್ತಿದ್ದರೆ ನೆನಪಿಡಿ, ಲೈಸೆನ್ಸ್ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ನವೀಕರಣಕ್ಕೆ ಮುಂಚೆ, ಮೇ ತಿಂಗಳಲ್ಲೇ ಆಕ್ಷೇಪಣೆ ಅವರ ಮೇಜಿನ ಮೇಲಿರಲಿ.