ಅತ್ತೆಯ ಬ್ರಹ್ಮಕಮಲಕ್ಕೆ ನಾನು ಕತ್ತರಿ ಹಾಕಿದ್ದು

ಹೋದ ಜುಲೈನಲ್ಲಿ ನಮ್ಮ ಹಿತ್ತಿಲಿನ ಬ್ರಹ್ಮಕಮಲ ಒಂದೇ ರಾತ್ರಿ 17 ಹೂ ಬಿಟ್ಟಿತು. ಎಂಟೂವರೆಗೆ ಬಿರಿಯಲು ಶುರುವಾಗಿ ಹತ್ತೂವರೆ ಹೊತ್ತಿಗೆ ಪೂರ್ತಿ ಅರಳಿತ್ತು. ಘಮ ಬೀದಿವರೆಗೂ ಹೋಗಿತ್ತು. ನಾಲ್ಕು ವರ್ಷದ ಹಿಂದೆ ಇದೇ ಗಿಡವನ್ನು ಕಿತ್ತು ಬಿಸಾಕಿ ಎಂದು ಹೇಳಿದವರೂ ಆ ರಾತ್ರಿ ಮೊಬೈಲ್ ಹಿಡಿದು ಬಂದು ನಿಂತಿದ್ದರು. ಹೇಗೆ ಮಾಡಿದಿರಿ ಎಂದು ಅವತ್ತಿನಿಂದ ಎಲ್ಲರೂ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಮೈಸೂರಿನ ಹಳೇ ಮನೆ. ಹಿಂದೆ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ 20 ಲೀಟರಿನ ಪೇಂಟ್ ಡಬ್ಬದಲ್ಲಿ ಈ ಗಿಡ. ಅತ್ತೆ ಹಾಸನದ ತಂಗಿ ಮನೆಯಿಂದ ಒಂದು ಎಲೆ ತಂದು ನೆಟ್ಟಿದ್ದು. ಹದಿನೈದು ವರ್ಷದ ಮೇಲೇ ಆಗಿರಬೇಕು. ಅವರ ಮಂಡಿ ನೋವು ಜಾಸ್ತಿಯಾದ ಮೇಲೆ ಹಿತ್ತಿಲಿಗೆ ಹೋಗುವುದು ಕಡಿಮೆಯಾಯಿತು. ಗಿಡವನ್ನು ಯಾರೂ ನೋಡಲಿಲ್ಲ. ಆರೇಳು ವರ್ಷ ಹಾಗೇ ಬೆಳೆಯಿತು. ಏಳೆಂಟು ಅಡಿಯ ಕೋಲುಗಳು ಕಿಟಕಿ ಸರಳಿಗೆ ಸುತ್ತಿಕೊಂಡು, ಬುಡ ಕಟ್ಟಿಗೆಯಾಗಿ, ಎಲೆ ಹಳದಿ ತಿರುಗಿತ್ತು. ಸಂದುಸಂದಿನಲ್ಲಿ ಹಿಟ್ಟು ತಿಗಣೆ, ಅಂದರೆ ಬಿಳಿ ಹಿಟ್ಟಿನ ಹಾಗೆ ಕಾಣುವ, ರಸ ಹೀರುವ ಹುಳು. ಬೇರಿನ ಒತ್ತಡಕ್ಕೆ ಡಬ್ಬ ಸೀಳಿತ್ತು. ಹೂವಂತೂ ಮೂರು ವರ್ಷದಿಂದ ಒಂದೂ ಇಲ್ಲ.

ಮೊದಲು ಸೋತ ಕತೆ ಹೇಳುತ್ತೇನೆ, ಕಲಿತದ್ದೆಲ್ಲ ಅದರಿಂದಲೇ. 2021ರ ದಸರಾ ರಜೆಯಲ್ಲಿ ಕೈ ಹಾಕಿದೆ. ಒಂದೇ ದಿನ ಮುಕ್ಕಾಲು ಗಿಡ ಕತ್ತರಿಸಿದೆ. 14 ಇಂಚಿನ ಹೊಸ ಪ್ಲಾಸ್ಟಿಕ್ ಕುಂಡ, ಎರಡು ಚೀಲ ರೆಡಿ ಮಣ್ಣು, ಬೇರು ಬರಿಸುವ ಪುಡಿ, ಎಲ್ಲ ಸೇರಿ 1,400 ರೂಪಾಯಿ ಹತ್ತಿರ ಹೋಯಿತು. ಕತ್ತರಿಸಿದ ತುಂಡುಗಳನ್ನು ಅದೇ ಸಂಜೆ ನೆಟ್ಟೆ. ಆ ವರ್ಷದ ನವೆಂಬರ್ ಮಳೆ ನೆನಪಿದೆಯಲ್ವಾ? ಬಿಡಲೇ ಇಲ್ಲ. 24 ಕಟಿಂಗ್‌ನಲ್ಲಿ ಉಳಿದದ್ದು ಮೂರೋ ನಾಲ್ಕೋ. ಉಳಿದವು ಬುಡದಿಂದ ಕಪ್ಪಗಾಗಿ, ಮುಟ್ಟಿದರೆ ಕೈಗೆ ಲೋಳೆ ಬರುತ್ತಿತ್ತು. ತಾಯಿ ಗಿಡದ ಗಾಯಗಳಲ್ಲೂ ಕೊಳೆ ಇಳಿಯಿತು. "ಹೂ ಬಿಡೋ ಗಿಡಕ್ಕೆ ಯಾರಾದ್ರೂ ಕತ್ತರಿ ಹಾಕ್ತಾರೇನೇ?" ಎಂದು ಅತ್ತೆ ಎರಡು ದಿನ ಮಾತು ಬಿಟ್ಟರು. ಅದು ನನಗೆ ದುಡ್ಡಿಗಿಂತ ಜಾಸ್ತಿ ನೋವಾಯಿತು. ನರ್ಸರಿಯವರೊಬ್ಬರನ್ನು ಕೇಳಿದರೆ, "ಮೇಡಂ, ಹಳೇದು ಬಿಡಿ, 200 ರೂಪಾಯಿಗೆ ಹೊಸದೇ ಕೊಡ್ತೀನಿ" ಎಂದರು. ಆದರೆ ನನಗೆ ಬೇಕಿದ್ದದ್ದು ಅತ್ತೆಯ ಗಿಡವೇ.

ದಾರಿ ತೋರಿಸಿದ್ದು ಕಾಂಪೌಂಡ್ ಗೋಡೆ. ಯಾವಾಗಲೋ ಮುರಿದು ಗೋಡೆ ಮೇಲೆ ಬಿದ್ದ ಒಂದು ತುಂಡು ಅಲ್ಲೇ ಒಣಗಿದ ಮಾವಿನೆಲೆ, ಕಸದ ನಡುವೆ ಬೇರು ಬಿಟ್ಟಿತ್ತು. ಮಣ್ಣೆಂಬುದು ಒಂದು ಹಿಡಿಯೂ ಇಲ್ಲ. ನೀರು ಯಾರೂ ಹಾಕಿಲ್ಲ. ಆದರೂ ತಾಯಿಗಿಂತ ಹಸಿರಾಗಿ ನಿಂತಿತ್ತು. ಹಿಮಾಲಯದ ನಿಜವಾದ ಬ್ರಹ್ಮಕಮಲ ಬೇರೆ, ನಮ್ಮದು ಮೆಕ್ಸಿಕೋ ಕಡೆಯ ಕಳ್ಳಿ ಜಾತಿ, ಕಾಡಿನಲ್ಲಿ ಮರದ ಮೇಲೆ ಬೆಳೆಯುವಂಥದ್ದು ಎಂದು ಓದಿದ್ದೆ. ಓದಿದ್ದು ತಲೆಗೆ ಹತ್ತಿದ್ದು ಗೋಡೆ ಮೇಲಿನ ಆ ತುಂಡು ನೋಡಿದ ಮೇಲೆ. ಮರದ ಮೇಲೆ ಗಾಳಿಗೆ ಬೇರು ಬಿಡುವ ಗಿಡವನ್ನು ನಾನು ಒದ್ದೆ ಮಣ್ಣಲ್ಲಿ ಹುಗಿದಿದ್ದೆ.

ಎರಡನೇ ಸಲ ಫೆಬ್ರವರಿಗೆ ಕಾದೆ. ಮೈಸೂರಲ್ಲಿ ಆಗ ಗಾಳಿ ಒಣ, ಬಿಸಿಲು ಇನ್ನೂ ಕಡು ಅಲ್ಲ. ಈ ಸಲ ಒಟ್ಟಿಗೇ ಕತ್ತರಿಸಲಿಲ್ಲ. ಉಳಿದಿದ್ದ ಹಳೇ ಕೋಲಿನಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ. ಯಾವುದನ್ನು ತೆಗೆಯಬೇಕು ಎಂಬುದೇ ಇದರಲ್ಲಿ ಮುಖ್ಯ. ಎಲೆಯ ಅಂಚಿನಲ್ಲಿ ಕಚ್ಚು ಇರುತ್ತಲ್ಲ, ಹೂ ಬರುವ ಕಣ್ಣು ಅಲ್ಲಿರುತ್ತದೆ. ಒಂದು ಕಣ್ಣು ಒಮ್ಮೆ ಹೂ ಬಿಟ್ಟರೆ ಸಾಮಾನ್ಯವಾಗಿ ಮತ್ತೆ ಬಿಡುವುದಿಲ್ಲ. ಅತ್ತೆಯ ಗಿಡದಲ್ಲಿ ಹಳೇ ಎಲೆಗಳ ಕಣ್ಣೆಲ್ಲ ಮುಗಿದು ಸಣ್ಣ ಕಲೆಯಾಗಿ ಕೂತಿದ್ದವು. ಗಿಡ ಅವನ್ನು ಸುಮ್ನೆ ಹೊರುತ್ತಿತ್ತು. ಅಂಥವನ್ನೆಲ್ಲ ಬುಡದಿಂದಲೇ ತೆಗೆದೆ. ಹಿಂದಿನ ವರ್ಷ ಬಂದ, ಅಗಲವಾದ, ಬಲಿತ ಎಲೆಗಳನ್ನು ಮುಟ್ಟಲಿಲ್ಲ. ಉದ್ದದ ದುಂಡು ಕೋಲುಗಳ ತುದಿಯನ್ನು ಮೂರೂವರೆ ಅಡಿಗೆ ಚಿವುಟಿದೆ. ಎರಡು ತಿಂಗಳಲ್ಲಿ ಪಕ್ಕದಿಂದ ಅಗಲ ಎಲೆ ಹೊಡೆಯಿತು. ಕತ್ತರಿಗೆ ಪ್ರತಿ ಸಲ ಸ್ಪಿರಿಟ್ ಒರೆಸಿದೆ. ತಾಯಿ ಗಿಡದ ಗಾಯಕ್ಕೆ ಅರಿಶಿನ ಮೆತ್ತಿ ಒಂದು ವಾರ ನೀರು ಹಾಕಲಿಲ್ಲ. ಉಳಿದ ಎರಡು ಪಾಲು ಹಳೇ ಕೋಲು 2023 ಮತ್ತು 2024ರ ಫೆಬ್ರವರಿಯಲ್ಲಿ ಹೋದವು. ಒಟ್ಟು ಎರಡೂವರೆ ಸಿಮೆಂಟ್ ಚೀಲ ಕಸ ಬಂದಿರಬೇಕು.

ಕಟಿಂಗ್‌ಗೆ ಮುಗಿದ ಎಲೆ ಬೇಡ, ತೀರಾ ಎಳೆಯದೂ ಬೇಡ. ನಾನು ಒಂದು ಗೇಣು ಉದ್ದ ಇಟ್ಟೆ. ಹತ್ತು ದಿನ ನೆರಳಲ್ಲಿ, ಹಳೇ ಪೇಪರ್ ಮೇಲೆ ಒಣಗಿಸಿದೆ. ಬಾಡಿದ ಹಾಗೆ ಕಾಣುತ್ತದೆ, ಹೆದರಬೇಡಿ. ಕತ್ತರಿಸಿದ ಜಾಗ ಗಟ್ಟಿಯಾಗಿ ಹಕ್ಕಳೆ ಕಟ್ಟಬೇಕು. ಇಲ್ಲೂ ಒಂದು ಏಟು ತಿಂದೆ. ಪೇಪರ್ ಮೇಲೆ ಸಾಲಾಗಿ ಇಟ್ಟವನ್ನು ಮನೆಗೆಲಸದವರು ಗುಡಿಸುವಾಗ ಎತ್ತಿ ರಾಶಿ ಹಾಕಿದ್ದರು. ಯಾವುದು ಬುಡ, ಯಾವುದು ತುದಿ ಗೊತ್ತಾಗಲಿಲ್ಲ. ಆರು ತಲೆಕೆಳಗಾಗಿ ನೆಟ್ಟು ಕಳೆದುಕೊಂಡೆ. ಈಗ ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸುತ್ತೇನೆ. ಯಾರು ರಾಶಿ ಹಾಕಿದರೂ ತೊಂದರೆ ಇಲ್ಲ.

ಮಣ್ಣಿನ ಮಿಶ್ರಣಕ್ಕೆ ಈ ಸಲ ಖರ್ಚು 300 ದಾಟಲಿಲ್ಲ. ತೆಂಗಿನಕಾಯಿ ಸಿಪ್ಪೆಯನ್ನು ಹೆಬ್ಬೆರಳಿನಷ್ಟು ಚೂರು ಮಾಡಿ ಮೂರು ದಿನ ನೆನೆಸಿ, ಕಂದು ನೀರು ದಿನವೂ ಚೆಲ್ಲಿದೆ. ಇಸ್ತ್ರಿ ಅಂಗಡಿಯಿಂದ ಇದ್ದಿಲು, ಎದುರು ಕಟ್ಟುತ್ತಿದ್ದ ಮನೆಯಿಂದ ಇಟ್ಟಿಗೆ ಚೂರು, ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಸಿಪ್ಪೆ ಅರ್ಧ ಭಾಗ, ಮಿಕ್ಕಿದ್ದು ಅಂದಾಜು. ಕುಂಡ 6 ಇಂಚಿನ ಮಣ್ಣಿನದು. ದೊಡ್ಡ ಕುಂಡ ಕೊಟ್ಟರೆ ಒದ್ದೆ ನಿಲ್ಲುತ್ತದೆ. ಈ ಗಿಡಕ್ಕೆ ಬೇರು ಸ್ವಲ್ಪ ಇಕ್ಕಟ್ಟಾಗಿದ್ದರೇ ಒಳ್ಳೆಯದು. ಎರಡು ಇಂಚು ಮಾತ್ರ ಹೂತು, ಅಲ್ಲಾಡದ ಹಾಗೆ ಕಡ್ಡಿ ಕಟ್ಟಿದೆ. ಮೊದಲ ವಾರ ನೀರಿಲ್ಲ. ಆಮೇಲೆ ಬೆರಳಿಟ್ಟು ನೋಡಿ ಒಣಗಿದ್ದರೆ ಮಾತ್ರ. 20ರಲ್ಲಿ ಆ ಆರು ಬಿಟ್ಟು 14 ಸರಿಯಾಗಿ ನೆಟ್ಟದ್ದು, ಅದರಲ್ಲಿ 13 ಹಿಡಿದವು. ತಾಯಿ ಗಿಡವನ್ನೂ ಸೀಳಿದ ಡಬ್ಬದಿಂದ ಇಳಿಸಿ, ಕೊಳೆತ ಬೇರು ತೆಗೆದು, ಇದೇ ಮಿಶ್ರಣಕ್ಕೆ ಹಾಕಿದೆ.

ತಿಗಣೆಗೆ ಬೇವಿನೆಣ್ಣೆ, ಸೋಪಿನ ನೀರು, ಹಳೇ ಟೂತ್ ಬ್ರಷ್. ವಾರಕ್ಕೊಂದು ಸಲ, ಐದಾರು ವಾರ. ಅದರ ಬಗ್ಗೆ ಹೇಳಲು ಬೇರೇನಿಲ್ಲ.

ನಡುವೆ ಸುಮಾರು ಪ್ರಯೋಗ ಮಾಡಿದೆ. ನಾಲ್ಕು ತುಂಡಿಗೆ ಜೇನುತುಪ್ಪ, ನಾಲ್ಕಕ್ಕೆ ಉಳಿದಿದ್ದ ಬೇರಿನ ಪುಡಿ, ನಾಲ್ಕಕ್ಕೆ ಏನೂ ಇಲ್ಲ. ಎಲ್ಲಕ್ಕೂ ತಿಂಗಳೊಳಗೆ ಬೇರು ಬಂತು, ವ್ಯತ್ಯಾಸವೇ ಇಲ್ಲ. ಪುಡಿಗೆ ದುಡ್ಡು ಹಾಕಬೇಡಿ. ಹಾರ್ಲಿಕ್ಸ್ ಬಾಟಲಿಯ ನೀರಲ್ಲಿಟ್ಟ ಐದಕ್ಕೆ ಮೂರು ವಾರದಲ್ಲಿ ಚೆಂದದ ಬಿಳಿ ಬೇರು ಬಂತು, ಆದರೆ ಕುಂಡಕ್ಕೆ ಹಾಕಿದ ಮೇಲೆ ಮೂರು ಕೊಳೆತವು. ಈರುಳ್ಳಿ ಸಿಪ್ಪೆ ನೀರು ಹಾಕಿ ನೋಡಿದೆ, ನೊಣ ಬಂತೇ ಹೊರತು ಗಿಡಕ್ಕೆ ಏನೂ ಆಗಲಿಲ್ಲ. ಇನ್ನೊಂದು ತುಂಡನ್ನು ಹಿತ್ತಿಲಿನ ಮಾವಿನ ಮರದ ಕವಲಿಗೆ ತೆಂಗಿನ ನಾರಿನಲ್ಲಿ ಕಟ್ಟಿದೆ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಹೂವಿನ ಲೆಕ್ಕ ಹೀಗಿದೆ. 2022ರಲ್ಲಿ ಸೊನ್ನೆ. ಆ ವರ್ಷ ಅತ್ತೆ ದಿನಾ ಕಿಟಕಿಯಿಂದ ನೋಡುತ್ತಿದ್ದರು, ಏನೂ ಹೇಳುತ್ತಿರಲಿಲ್ಲ. 2023ರ ಆಗಸ್ಟ್‌ನಲ್ಲಿ ಎರಡು ಮೊಗ್ಗು. ಚೆನ್ನಾಗಿ ಕಾಣಲಿ ಎಂದು ಕುಂಡವನ್ನು ಮುಂದಿನ ಜಗುಲಿಗೆ ತಂದೆ, ಒಂದು ಮೊಗ್ಗು ಉದುರಿತು. ಮೊಗ್ಗು ಬಂದ ಮೇಲೆ ಕುಂಡ ತಿರುಗಿಸಲೂಬೇಡಿ. 2024ರಲ್ಲಿ ಒಂಬತ್ತು. ಹೋದ ವರ್ಷ ಒಂದೇ ರಾತ್ರಿ 17, ಸೀಸನ್ ಪೂರ್ತಿ ಮೂವತ್ತರ ಹತ್ತಿರ. ಬೆಳಗಿನ ಬಿಸಿಲು ಎರಡು ಗಂಟೆ ಬಿದ್ದರೆ ಸಾಕು, ಮಧ್ಯಾಹ್ನದ್ದು ಬೇಡ. ಡಿಸೆಂಬರ್‌ನಿಂದ ನೀರು ಕಡಿಮೆ ಮಾಡುತ್ತೇನೆ. ಫೆಬ್ರವರಿ ಕೊನೆಗೆ ಅಡುಗೆಮನೆಯದ್ದೇ ಒಂದು ಪದಾರ್ಥವನ್ನು ಹುಳಿ ಬರಿಸಿ ಹಾಕುತ್ತೇನೆ. 17ಕ್ಕೆ ಅದೇ ಕಾರಣ ಎಂದು ನನ್ನ ನಂಬಿಕೆ. ಅದು ಏನು, ಎಷ್ಟು ಎಂಬುದನ್ನು ಈಗ ಹೇಳುವುದಿಲ್ಲ. ಇನ್ನೆರಡು ವರ್ಷ ನೋಡಿಕೊಳ್ಳುತ್ತೇನೆ.

ದುಡ್ಡಿನ ವಿಷಯ. ಹೋದದ್ದು ಎಲ್ಲ ಸೇರಿ 2,500 ರೂಪಾಯಿ ಒಳಗೆ. ಬೇರು ಬಂದ ಕುಂಡಗಳಲ್ಲಿ ಹನ್ನೊಂದನ್ನು 150 ರೂಪಾಯಿಯಂತೆ ಕೊಟ್ಟೆ, 1,650 ವಾಪಸ್ ಬಂತು. ಹಾಸನದ ಚಿಕ್ಕತ್ತೆಗೆ ಒಂದು ಕಳಿಸಿದೆವು. ಅವರ ಮನೆಯ ಮೂಲ ಗಿಡ ಎಂದೋ ಸತ್ತುಹೋಗಿತ್ತಂತೆ. ಕುಂಡ ಕೈಗೆ ಸಿಕ್ಕಿದ ದಿನ ಅಕ್ಕ ತಂಗಿ ಫೋನಲ್ಲಿ ಒಂದು ಗಂಟೆ ಮಾತಾಡಿದರು.

ಮಾವಿನ ಮರಕ್ಕೆ ಕಟ್ಟಿದ ತುಂಡು ಈಗ ಎರಡು ಅಡಿ ಆಗಿದೆ. ನಾರು ಕೊಳೆತು ಬಿದ್ದಿದೆ, ಬೇರು ತೊಗಟೆಗೆ ಹಿಡಿದುಕೊಂಡಿದೆ. ಮಾರ್ಚ್, ಏಪ್ರಿಲ್‌ನಲ್ಲಿ ವಾರಕ್ಕೊಮ್ಮೆ ನೀರು ಚಿಮುಕಿಸಿದ್ದು ಬಿಟ್ಟರೆ ನಾನೇನೂ ಮಾಡಿಲ್ಲ. ಹೋದ ವಾರ ಅದರ ಅಂಚಿನ ಒಂದು ಕಣ್ಣಲ್ಲಿ ಕೆಂಪು ಛಾಯೆಯ ಸಣ್ಣ ಮೊಳಕೆ ಕಂಡಿತು. ಎಲೆಯಾದರೆ ಚಪ್ಪಟೆಯಾಗುತ್ತದೆ, ಮೊಗ್ಗಾದರೆ ಕೆಳಗೆ ಬಾಗುತ್ತದೆ. ಇನ್ನೂ ಎರಡೂ ಆಗಿಲ್ಲ. ಅತ್ತೆ ಬೆಳಿಗ್ಗೆ ಕೋಲೂರಿಕೊಂಡು ಮರದ ಬುಡಕ್ಕೆ ಹೋಗಿ ನೋಡಿ ಬರುತ್ತಿದ್ದಾರೆ.