ತುಪ್ಪದ ಹೀರೆಯಿಂದ ಸ್ನಾನದ ನಾರು: ನಾನು ಮಾಡುವ ರೀತಿ

ಸ್ನಾನದ ನಾರಿಗೆ ಹೀರೆ ಬಳ್ಳಿ ಹಾಕಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ತಿಂಗಳ ಲೆಕ್ಕ. ಗೊಬ್ಬರ, ಚಪ್ಪರ ಎಲ್ಲ ಆಮೇಲೆ. ನಮ್ಮದು ಶಿವಮೊಗ್ಗದ ಕಡೆ. ಇಲ್ಲಿ ಮಳೆ ಹಿಡಿಯುವ ಹೊತ್ತಿಗೆ ಹೀರೆ ಬೀಜ ಹಾಕುವುದು ರೂಢಿ. ಪಲ್ಯಕ್ಕೆ, ಚಟ್ನಿಗೆ ಅದು ಸರಿಯೇ. ನಾರಿಗೆ ಮಾತ್ರ ಒಗ್ಗುವುದಿಲ್ಲ. ನಾರಾಗಬೇಕಾದ ಕಾಯಿ ಬಳ್ಳಿಯಲ್ಲೇ ಬಲಿತು, ಅಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಜಡಿಮಳೆಯಲ್ಲಿ ಬಲಿತ ಕಾಯಿ ಒಣಗುವ ಬದಲು ಸಿಪ್ಪೆಯೊಳಗೇ ಕೊಳೆಯುತ್ತದೆ, ನಾರು ಕಪ್ಪಗಾಗುತ್ತದೆ. ಅದಕ್ಕೇ ನಾನು ಬೀಜ ಹಾಕುವುದು ಗಣೇಶನ ಹಬ್ಬದ ಆಸುಪಾಸಿನಲ್ಲಿ. ದೀಪಾವಳಿ ಕಳೆಯುವಾಗ ಹೂವು, ಸಂಕ್ರಾಂತಿ ಹೊತ್ತಿಗೆ ಬಲಿತ ಕಾಯಿ. ಆಮೇಲೆ ಬಿಸಿಲು ಏರುತ್ತಾ ಹೋಗುತ್ತದೆ, ಒಣಗಿಸುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ.

ನಾರಿಗೆ ಬೇಕಾದದ್ದು ತುಪ್ಪದ ಹೀರೆ, ಅಂದರೆ ಏಣಿಲ್ಲದ ನುಣುಪು ಕಾಯಿ. ಏಣಿರುವ ಹೀರೆಯಲ್ಲೂ ನಾರು ಸಿಗುತ್ತದೆ. ಆದರೆ ಏಣಿನ ಹತ್ತಿರ ಸಿಪ್ಪೆ ಕಚ್ಚಿಕೊಂಡು ಬಿಡಿಸುವಾಗ ಬೆರಳು ನೋಯುತ್ತದೆ. ಬೀಜದಲ್ಲೇ ಎರಡನ್ನೂ ಗುರುತಿಸಬಹುದು. ತುಪ್ಪದ ಹೀರೆಯ ಬೀಜ ಚಪ್ಪಟೆ, ನುಣುಪು, ಸುತ್ತಲೂ ತೆಳ್ಳಗಿನ ಅಂಚು. ಇನ್ನೊಂದರ ಬೀಜ ಒರಟು, ಮೈಮೇಲೆ ಸಣ್ಣ ಸಣ್ಣ ಗುಳಿ. ಬಳ್ಳಿ ಬೆಳೆದ ಮೇಲಾದರೆ ಹೂವೇ ಹೇಳುತ್ತದೆ. ತುಪ್ಪದ ಹೀರೆ ಬೆಳಗಿನ ಜಾವ ಅರಳುತ್ತದೆ, ಏಣಿನ ಹೀರೆ ಸಂಜೆ ಅರಳುತ್ತದೆ. ಅಂಗಡಿಯ ಪೊಟ್ಟಣದ ಮೇಲಿನ ಚಿತ್ರಕ್ಕಿಂತ ನನಗೆ ಈ ಗುರುತಿನ ಮೇಲೇ ನಂಬಿಕೆ ಜಾಸ್ತಿ.

ಬೀಜದ ಸಿಪ್ಪೆ ಗಟ್ಟಿ. ಉಗುರು ಕತ್ತರಿಸುವ ನೇಲ್ ಕಟರ್‌ನಿಂದ ಅಂಚಿನಲ್ಲಿ ಒಂದು ಚೂರು ಚಿವುಟಿ, ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕುತ್ತೇನೆ. ಮೊಳಕೆ ಬರುವ ಚೂಪು ತುದಿಯನ್ನು ಮುಟ್ಟಬಾರದು, ಪಕ್ಕದ ಅಂಚು ಸಾಕು. ಆಮೇಲೆ ಒಂದು ಇಂಚು ಆಳಕ್ಕೆ ಊರುವುದು. ನೆಲದಲ್ಲಿ ಜಾಗ ಇದ್ದರೆ ನೆಲವೇ ಚೆನ್ನ. ತಾರಸಿಯಲ್ಲಿ ಆದರೆ ದೊಡ್ಡ ಡ್ರಮ್ಮಿಗೆ ಒಂದೇ ಬಳ್ಳಿ. ಒಂದೇ ಕುಂಡಕ್ಕೆ ನಾಲ್ಕು ಗಿಡ ತುರುಕಿದರೆ ಎಲೆ ಬರುತ್ತದೆ, ಕಾಯಿ ಬರುವುದಿಲ್ಲ.

ಎಳೆ ಗಿಡಕ್ಕೆ ಕಾಟ ಕೊಡುವುದು ಕೆಂಪು ದುಂಬಿ. ಎರಡೇ ದಿನದಲ್ಲಿ ಎಲೆಯನ್ನು ಜರಡಿ ಮಾಡಿಬಿಡುತ್ತದೆ. ಬೆಳಿಗ್ಗೆ ಇಬ್ಬನಿ ಇರುವಾಗಲೇ ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಎಲೆಯ ಮೇಲೆ ತಟ್ಟುತ್ತೇನೆ. ಆ ಹೊತ್ತಿಗೆ ದುಂಬಿಯೂ ಮಂಕಾಗಿರುತ್ತದೆ, ಕೈಯಲ್ಲೇ ಹಿಡಿದು ತೆಗೆಯಬಹುದು. ಇರುವೆ ವಿಷಯ ಬೇರೆ. ಹೀರೆ ಬಳ್ಳಿಯ ಮೊಗ್ಗಿನ ಬುಡದಲ್ಲಿ, ಎಲೆಯ ಅಡಿಯಲ್ಲಿ ಸಿಹಿ ರಸ ಒಸರುವ ಸಣ್ಣ ಗ್ರಂಥಿಗಳಿವೆ. ಕಟ್ಟಿರುವೆ ಸಾಲು ಹಿಡಿದು ಬರುವುದು ಅದಕ್ಕೇ. ಅದನ್ನು ನೋಡಿ ಗಾಬರಿಯಾಗಿ ಔಷಧಿ ಹೊಡೆಯುವವರು ಬಹಳ. ಸುಮ್ನೆ ಬಿಡಿ, ಅವು ಬಳ್ಳಿಗೆ ಏನೂ ಮಾಡುವುದಿಲ್ಲ.

ಚಪ್ಪರ ಮಾತ್ರ ಗಟ್ಟಿಯಾಗಿರಲಿ. ಹಸಿ ಕಾಯಿ ಭಾರ, ಮೇಲಿಂದ ಗಾಳಿ ಬೇರೆ. ನಾನು ಬಿದಿರ ಗಳು ನಿಲ್ಲಿಸಿ, ಮೇಲೆ ಅಡಿಕೆ ದಬ್ಬೆ ಕಟ್ಟುತ್ತೇನೆ. ಕಾಯಿ ಯಾವುದಕ್ಕೂ ತಾಗದೆ ನೇತಾಡಬೇಕು. ಹಾಗಾದರೆ ನೇರ ಬೆಳೆಯುತ್ತದೆ. ನೆಲಕ್ಕೆ ಒರಗಿದ್ದು ಸೊಟ್ಟಗಾಗುತ್ತದೆ, ತಾಗಿದ ಕಡೆ ಕೊಳೆಯುತ್ತದೆ.

ಮೊದಲು ಬರುವುದೆಲ್ಲ ಗಂಡು ಹೂವು, ಗೊಂಚಲು ಗೊಂಚಲಾಗಿ. ಅದು ಉದುರುವುದನ್ನು ನೋಡಿ ಹೆದರಬೇಡಿ. ಹೆಣ್ಣು ಹೂವು ಒಂಟಿಯಾಗಿ ಬರುತ್ತದೆ, ಕೆಳಗೆ ಕಿರುಬೆರಳಿನಷ್ಟು ಕಾಯಿಯನ್ನು ಹೊತ್ತುಕೊಂಡೇ ಬರುತ್ತದೆ. ಜೇನು ಕಮ್ಮಿ ಇರುವ ತಾರಸಿಯಲ್ಲಿ ಬೆಳಿಗ್ಗೆ ಏಳು ಗಂಟೆಯೊಳಗೆ ಗಂಡು ಹೂವು ಕಿತ್ತು, ದಳ ತೆಗೆದು, ಪುಡಿ ಇರುವ ಭಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದರೆ ಕಾಯಿ ಕಚ್ಚುತ್ತದೆ. ಈ ಹಂತದಲ್ಲಿ ಸಗಣಿ ಗೊಬ್ಬರ ಸುರಿಯಬೇಡಿ. ಸಾರಜನಕ ಜಾಸ್ತಿಯಾದರೆ ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಹೆಣ್ಣು ಹೂವು ಕಮ್ಮಿಯಾಗುತ್ತದೆ. ಬೂದಿ ಒಂದು ಹಿಡಿ ಸಾಕು.

ಕಾಯಿ ಕಚ್ಚಿದ ಮೇಲೆ ಹಣ್ಣು ನೊಣ ಬಂದು ಎಳೆ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಚುಚ್ಚಿದ ಕಡೆ ಅಂಟು ಒಸರಿ ಕಾಯಿ ಬಾಗುತ್ತದೆ. ಇದಕ್ಕೆ ನನ್ನ ಉಪಾಯ ಹಳೇ ಪೇಪರಿನ ಚೀಲ. ಹೂವು ಬಾಡಿದ ಕೂಡಲೇ ಕಾಯಿಗೆ ತೊಡಿಸಿ, ತೊಟ್ಟಿನ ಹತ್ತಿರ ಬಾಳೆನಾರಿನಿಂದ ಸಡಿಲವಾಗಿ ಕಟ್ಟುತ್ತೇನೆ. ಸಿಪ್ಪೆ ಗಟ್ಟಿಯಾದ ಮೇಲೆ ಚೀಲ ಬೇಡ.

ಇಲ್ಲಿಂದ ಮುಂದೆ ನಿಜವಾದ ಕಷ್ಟ ಶುರು: ಕೊಯ್ಯದೆ ಇರುವುದು. ಎಳೇ ತುಪ್ಪದ ಹೀರೆ ಕಂಡರೆ ಮನೆಯಲ್ಲಿ ಯಾರಾದರೂ ಬೋಂಡಾ ಮಾಡೋಣ ಅಂತಾರೆ. ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಕಚ್ಚಿದ ಐದಾರು ನೇರ ಕಾಯಿಗಳಿಗೆ ಕೆಂಪು ದಾರ ಕಟ್ಟಿಬಿಡುತ್ತೇನೆ. ದಾರ ಇದ್ದದ್ದನ್ನು ಯಾರೂ ಮುಟ್ಟುವಂತಿಲ್ಲ. ನಾರಿಗೆ ಬಿಡಬೇಕಾದದ್ದು ಈ ಮೊದಲ ಕಾಯಿಗಳನ್ನೇ, ಕೊನೆಯವನ್ನಲ್ಲ. ಎಲ್ಲರೂ ತಿಂದು ಉಳಿದದ್ದನ್ನು ನಾರಿಗೆ ಬಿಡುತ್ತಾರೆ. ಅಷ್ಟರಲ್ಲಿ ಬಳ್ಳಿಗೆ ಶಕ್ತಿ ಮುಗಿದು, ಕಾಯಿ ಪೂರ್ತಿ ಬಲಿಯುವುದಿಲ್ಲ, ನಾರು ತೆಳ್ಳಗೆ ಬಲೆಯಂತೆ ಕುಸಿಯುತ್ತದೆ. ದಾರ ಕಟ್ಟಿದವು ಮೊಳದುದ್ದ ಆದ ಮೇಲೆ ಬಳ್ಳಿಯ ತುದಿ ಚಿವುಟುತ್ತೇನೆ, ಹೊಸ ಹೂವನ್ನೂ ತೆಗೆಯುತ್ತೇನೆ. ಅಂದ ಹಾಗೆ, ಅಡುಗೆಗೆ ಕೊಯ್ದ ಕಾಯಿಯ ಚೂರನ್ನು ಮೊದಲು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಎಸೆಯಿರಿ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆ ಕೆಡಿಸುತ್ತದೆ.

ಕಾಯಿ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ತಿರುಗುತ್ತದೆ. ಕೈಯಲ್ಲಿ ಹಿಡಿದರೆ ಭಾರವೇ ಇರುವುದಿಲ್ಲ. ತೊಟ್ಟೂ ಒಣಗಿರುತ್ತದೆ. ಆಗ ಕೊಯ್ಯುವುದು. ನಡುವೆ ಅಕಾಲದ ಮಳೆ ಬರುವ ಹಾಗಿದ್ದರೆ ಕಾಯಬೇಡಿ, ಹಳದಿಗೆ ತಿರುಗಿದವನ್ನು ಕೊಯ್ದುಬಿಡಿ. ಅಂಥವನ್ನು ಹಸಿಯಾಗಿಯೇ ಬಿಡಿಸಬಹುದು. ಕೈಯೆಲ್ಲ ಲೋಳೆ ಆಗುತ್ತದೆ, ಆದರೆ ನಾರು ಒಣಗಿದ ಕಾಯಿಯದ್ದಕ್ಕಿಂತ ಬೆಳ್ಳಗೆ, ಮೆತ್ತಗೆ ಬರುತ್ತದೆ. ನಿಜ ಹೇಳಬೇಕೆಂದರೆ ಮುಖದ ಹತ್ತಿರ ಬಳಸುವವರು ಇದನ್ನೇ ಇಷ್ಟಪಡುತ್ತಾರೆ.

ಬಿಡಿಸುವುದು ಹೀಗೆ. ಒಣಗಿದ ಕಾಯಿಯ ತುದಿಯಲ್ಲಿ ಸಣ್ಣ ಮುಚ್ಚಳದಂಥದ್ದು ಇರುತ್ತದೆ. ಬೆರಳಿನಿಂದ ತಳ್ಳಿದರೆ ಕಳಚಿಕೊಳ್ಳುತ್ತದೆ. ಮೊರದ ಮೇಲೆ ತಲೆಕೆಳಗೆ ಹಿಡಿದು ಕುಲುಕಿದರೆ ಬೀಜ ಬೀಳುತ್ತದೆ. ಆಮೇಲೆ ಎರಡೂ ಹೆಬ್ಬೆರಳಿನಿಂದ ಕಾಯಿಯನ್ನು ಅಲ್ಲಲ್ಲಿ ಒತ್ತಿ, ಸಿಪ್ಪೆ ಪಟಪಟ ಅನ್ನುವಂತೆ ಬಿರಿಸುವುದು. ಸಿಪ್ಪೆಯ ಕೆಳಗೆ ಉದ್ದಕ್ಕೂ ಒಂದೆರಡು ಗಟ್ಟಿ ಎಳೆ ಕೈಗೆ ಸಿಗುತ್ತವೆ. ಅದನ್ನು ಹಿಡಿದು ಎಳೆದರೆ ಜಿಪ್ಪು ಬಿಚ್ಚಿದ ಹಾಗೆ ಸಿಪ್ಪೆ ಸೀಳಿಕೊಳ್ಳುತ್ತದೆ. ಸಿಪ್ಪೆ ಹಟ ಹಿಡಿದರೆ ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿಡಿ, ಬಿಡುತ್ತದೆ.

ತೊಳೆಯುವುದರಲ್ಲಿ ಅವಸರ ಬೇಡ. ಒಳಗಿನ ರಸ ಉಳಿದರೆ ಒಣಗುವಾಗ ನಾರು ಕಂದಾಗುತ್ತದೆ, ವಾಸನೆಯೂ ಬರುತ್ತದೆ. ಬಿಸಿನೀರಿನಲ್ಲಿ ಹಿಂಡಿ, ನೀರು ಬದಲಿಸಿ, ಮತ್ತೆ ಹಿಂಡಿ, ನೊರೆ ಬರುವುದು ನಿಲ್ಲುವವರೆಗೆ ತೊಳೆಯಬೇಕು. ಆಮೇಲೆ ತಂತಿಗೆ ನೇತುಹಾಕಿ ಬಿಸಿಲಿನಲ್ಲಿ ತಿರುಗಿಸುತ್ತಾ ಒಣಗಿಸುವುದು. ಅಂಗಡಿಯ ನಾರಿನ ಹಾಗೆ ಬೆಳ್ಳಗೆ ಬರಲಿ ಅಂತ ಕ್ಲೋರಿನ್ ಬ್ಲೀಚ್ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಎಳೆ ಬೇಗ ಪುಡಿಯಾಗುತ್ತದೆ. ಅಲ್ಲಲ್ಲಿ ಕಪ್ಪು ಚುಕ್ಕೆ ಇದ್ದರೆ ಏನಾಯಿತು, ಬಚ್ಚಲಿನಲ್ಲಿ ಯಾರು ನೋಡುತ್ತಾರೆ ಅಲ್ವಾ?

ಒಣಗಿದ ನಾರನ್ನು ಅಡ್ಡಕ್ಕೆ ಕೊಯ್ದರೆ ಮೂರು ಟೊಳ್ಳು ಕೋಣೆಗಳು ಕಾಣುತ್ತವೆ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಇದಕ್ಕೆ ಸರಿ. ಇಂಚು ದಪ್ಪದ ಬಿಲ್ಲೆಗಳು ಪಾತ್ರೆ ತಿಕ್ಕಲು. ಅಂಟುವಾಳದ ಕಾಯಿ ನೆನೆಸಿದ ನೀರಿನ ಜೊತೆ ಚೆನ್ನಾಗಿ ಕೆಲಸ ಮಾಡುತ್ತದೆ, ನಾನ್‌ಸ್ಟಿಕ್ ಬಾಣಲೆಗೂ ಗೀರು ಬೀಳುವುದಿಲ್ಲ. ಸ್ನಾನಕ್ಕೆ ಬೇಕಾದದ್ದನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳಿನ ನಾರು ತೆಗೆದು, ಒದ್ದೆ ಮಾಡಿ, ಒರಳುಕಲ್ಲಿನ ಗುಂಡಿನ ಕೆಳಗೆ ರಾತ್ರಿಯಿಡೀ ಇಡುತ್ತೇನೆ. ಬೆಳಿಗ್ಗೆ ಚಪ್ಪಟೆಯಾಗಿರುತ್ತದೆ. ಅದನ್ನು ಅಂಗೈ ಅಳತೆಗೆ ಕತ್ತರಿಸಿ, ಹಿಂಬದಿಗೆ ಹಳೇ ಪಂಚೆಯ ಬಟ್ಟೆ ಇಟ್ಟು, ಕೈ ತೂರುವಷ್ಟು ಒಂದು ಬದಿ ಬಿಟ್ಟು ಉಳಿದ ಮೂರು ಬದಿಯನ್ನು ದಪ್ಪ ಹತ್ತಿ ದಾರದಲ್ಲಿ ಹೊಲಿದರೆ ಕೈಗವಸಿನಂತೆ ತೊಟ್ಟು ಉಜ್ಜಬಹುದು. ಬೆನ್ನಿಗೆ ಬೇಕೆಂದರೆ ಉದ್ದದ ಪಟ್ಟಿಯ ಎರಡು ತುದಿಗೂ ಹತ್ತಿ ಲಾಡಿ ಹೊಲಿಯಿರಿ. ಮೊದಲು ಬಾಳೆನಾರಿನ ಹಿಡಿ ಮಾಡುತ್ತಿದ್ದೆ, ನೋಡಲು ಚೆಂದ, ಆದರೆ ಬಚ್ಚಲಿನ ತೇವಕ್ಕೆ ಲಾಡಿಯೇ ಬಾಳಿಕೆ.

ಒಣಗಿದ ನಾರು ಮುಟ್ಟಿದರೆ ಚುಚ್ಚುತ್ತದೆ. ನೀರಿನಲ್ಲಿ ಅದ್ದಿದ ಮೇಲೇ ಮೈಗೆ ತಾಗಿಸಬೇಕು, ಒತ್ತಿ ಉಜ್ಜಬಾರದು. ಮಕ್ಕಳ ಮೈಗೆ, ಗಾಯ ಇರುವ ಕಡೆಗೆ ಬೇಡವೇ ಬೇಡ. ಸ್ನಾನವಾದ ಮೇಲೆ ಹಿಂಡಿ, ಗಾಳಿ ಆಡುವ ಕಡೆ ತೂಗುಹಾಕಿ. ಒದ್ದೆ ಬಕೆಟ್ಟಿನಲ್ಲೇ ಬಿಟ್ಟರೆ ಕೀಟಾಣು ಬೆಳೆಯುತ್ತವೆ. ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿ ತೆಗೆಯುತ್ತೇನೆ, ತಿಂಗಳು ದಾಟಿದ ಮೇಲೆ ಬದಲಿಸುತ್ತೇನೆ. ಹಳೆಯದನ್ನು ಬಟ್ಟೆ ಬಿಚ್ಚಿ ಗೊಬ್ಬರದ ಗುಂಡಿಗೆ. ಪ್ಲಾಸ್ಟಿಕ್ ಸ್ಕ್ರಬ್ಬರ್ ಸವೆದು ಚರಂಡಿ ಸೇರುವುದನ್ನು ನೆನೆದರೆ ಇದೇ ವಾಸಿ ಅನಿಸುತ್ತದೆ.

ಬೀಜದ ವಿಷಯ ಉಳಿಯಿತು. ಎಲ್ಲಕ್ಕಿಂತ ನೇರ, ಎಲ್ಲಕ್ಕಿಂತ ದಟ್ಟ ನಾರಿನ ಕಾಯಿಯ ಬೀಜವನ್ನು ಮಾತ್ರ ಎತ್ತಿಡುತ್ತೇನೆ, ಅದರಲ್ಲೂ ಕಪ್ಪಗೆ ತುಂಬಿಕೊಂಡವು. ಬಿಳುಚಿದವು ಜೊಳ್ಳು. ನೆರಳಲ್ಲಿ ಒಣಗಿಸಿ, ಬೂದಿ ಬೆರೆಸಿ ಡಬ್ಬಿಗೆ ತುಂಬಿ ಇಟ್ಟರೆ ಮುಂದಿನ ಗಣೇಶನ ಹಬ್ಬಕ್ಕೆ ನಿಮಗೂ ಆಯಿತು, ಪಕ್ಕದ ಮನೆಯವರಿಗೂ ಆಯಿತು. ಒಂದು ಕಾಯಿಯಲ್ಲೇ ಅಷ್ಟು ಬೀಜ ಇರುತ್ತದೆ.